ಕಾಗೆರಾದ ಕಾಫಿ ನಾಡಿನಿಂದ ಕಂಪಾಲಾವರೆಗೆ: ಇದಿ ಅಮೀನ್‌ನನ್ನು ಇಳಿಸಿದ ಗಡಿಯುದ್ಧ

ಪ್ರತಿ ವರ್ಷ ಜೂನ್ 3ರಂದು ನಮ್ಮ ಧರ್ಮಕೇಂದ್ರಗಳಲ್ಲಿ ಸಂತ ಚಾರ್ಲ್ಸ್ ಲುವಾಂಗಾ ಮತ್ತು ಸಂಗಡಿಗರ ಸ್ಮರಣೆಯ ಬಲಿಪೂಜೆ ಅರ್ಪಿಸಲಾಗುತ್ತದೆ. 1885ರಿಂದ 1887ರ ನಡುವೆ ಬುಗಾಂಡಾದ ಅರಸ ಮ್ವಾಂಗಾನ ಅಪ್ಪಣೆಯಂತೆ ಪ್ರಾಣ ತೆತ್ತ ಈ 22 ಮಂದಿ ಕಥೋಲಿಕ ರಕ್ತಸಾಕ್ಷಿಗಳನ್ನು ಪೋಪ್ ಆರನೇ ಪೌಲರು 1964ರಲ್ಲಿ ಸಂತ ಪದವಿಗೇರಿಸಿದರು. ನಮ್ಮಲ್ಲಿ ಅನೇಕರಿಗೆ ಉಗಾಂಡಾ ಎಂದರೆ ಇಷ್ಟೇ. ಹಿರಿಯರಿಗಾದರೆ ಇನ್ನೊಂದು ಹೆಸರೂ ನೆನಪಾಗುತ್ತದೆ: ಇದಿ ಅಮೀನ್.

ಆ ಸರ್ವಾಧಿಕಾರಿಯನ್ನು ಕೆಳಗಿಳಿಸಿದ ಯುದ್ಧ ಮುಗಿದದ್ದೂ ಒಂದು ಜೂನ್ 3ರಂದೇ. 1979ರ ಆ ದಿನ, ಅಂದು ಪೆಂತೆಕೋಸ್ತ್ ಭಾನುವಾರವೂ ಹೌದು, ಟಾಂಜಾನಿಯಾದ ಸೈನ್ಯ ಉಗಾಂಡಾದ ಉತ್ತರದ ಗಡಿಯಾದ ಸುಡಾನಿನ ಅಂಚನ್ನು ತಲುಪಿತು. ಅದರೊಂದಿಗೆ ಏಳು ತಿಂಗಳ ಹೋರಾಟ ಕೊನೆಗೊಂಡಿತು.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಓದುಗರಿಗೆ ದೂರದ ಆಫ್ರಿಕಾದ ಈ ಕಥೆ ಏಕೆ ಎಂದು ಕೇಳಬಹುದು. ಕಾರಣಗಳಿವೆ. ಈ ಯುದ್ಧ ಆರಂಭವಾದದ್ದು ರೋಬಸ್ಟಾ ಬೆಳೆಯುವ ನೆಲದಲ್ಲಿ. ಅಮೀನ್‌ನ ಸೈನ್ಯವನ್ನು ಸಾಕಿದ್ದು ಕಾಫಿಯ ಹಣ. ಅವನ ಸೈನಿಕರು ನೆರೆಯ ದೇಶಕ್ಕೆ ನುಗ್ಗಿದ ಅದೇ ದಿನಗಳಲ್ಲಿ ಜಗತ್ತಿನ ಪತ್ರಕರ್ತರು ನಮ್ಮ ಚಿಕ್ಕಮಗಳೂರಿನ ಬೀದಿಗಳಲ್ಲಿದ್ದರು. ಇವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಾವು ಕಲಿಯಬೇಕಾದ ಪಾಠವೊಂದು ಸಿಗುತ್ತದೆ.

ನದಿಯೂ ಗೆರೆಯೂ

ಮಲೆನಾಡಿನಲ್ಲಿ ಎರಡು ತೋಟಗಳ ನಡುವಿನ ಗಡಿ ಸಾಮಾನ್ಯವಾಗಿ ಒಂದು ಹಳ್ಳ, ಒಂದು ದಿಣ್ಣೆ, ಇಲ್ಲವೇ ಸಾಲಾಗಿ ನೆಟ್ಟ ಮರ. ಉಗಾಂಡಾ ಮತ್ತು ಟಾಂಜಾನಿಯಾಗಳ ನಡುವಿನ ಗಡಿ ಹಾಗಿಲ್ಲ. 1890ರಲ್ಲಿ ಬ್ರಿಟನ್ ಮತ್ತು ಜರ್ಮನಿ ಯುರೋಪಿನಲ್ಲಿ ಕುಳಿತು ನಕ್ಷೆಯ ಮೇಲೆ ಆಫ್ರಿಕಾವನ್ನು ಹಂಚಿಕೊಂಡಾಗ, ವಿಕ್ಟೋರಿಯಾ ಸರೋವರದ ಪಶ್ಚಿಮಕ್ಕೆ ಒಂದು ಡಿಗ್ರಿ ದಕ್ಷಿಣ ಅಕ್ಷಾಂಶದ ನೇರ ಗೆರೆಯನ್ನೇ ಗಡಿಯಾಗಿ ಒಪ್ಪಿಕೊಂಡವು. ಆದರೆ ಆ ಭಾಗದಲ್ಲಿ ಸಹಜ ಗಡಿಯಂತೆ ಹರಿಯುವ ಕಾಗೆರಾ ನದಿ ಇರುವುದು ಗೆರೆಯ ದಕ್ಷಿಣಕ್ಕೆ. ಗೆರೆ ಮತ್ತು ನದಿಯ ನಡುವೆ ಸುಮಾರು 1,800 ಚದರ ಕಿಲೋಮೀಟರ್ ನೆಲ ಉಳಿಯಿತು. ಅದು ಟಾಂಜಾನಿಯಾಕ್ಕೆ ಸೇರಿದ್ದು. ಗಡಿ ನದಿಯವರೆಗೆ ಬರಬೇಕು ಎಂಬುದು ಅಮೀನ್‌ನ ವಾದ.

ಈ ಪ್ರದೇಶದ ಹಾಯಾ ಜನರಿಗೆ ಕಾಫಿ ಹೊಸದಲ್ಲ. ನಾವು ತೋಟಗಳಲ್ಲಿ ಬೆಳೆಯುವ ರೋಬಸ್ಟಾ ಆ ಸರೋವರದ ಸುತ್ತಮುತ್ತಲಿನ ಕಾಡುಗಳಲ್ಲಿ ತಾನಾಗಿಯೇ ಹುಟ್ಟುವ ಗಿಡ. ಬಿಳಿಯರು ಬರುವ ಮೊದಲೇ ಹಾಯಾ ಜನ ಕಾಫಿ ಹಣ್ಣನ್ನು ಸೊಪ್ಪುಗಳ ಜೊತೆ ಬೇಯಿಸಿ, ಒಣಗಿಸಿ, ಅತಿಥಿಗಳಿಗೆ ಜಗಿಯಲು ಕೊಡುತ್ತಿದ್ದರು. ನಮ್ಮಲ್ಲಿ ಎಲೆ ಅಡಿಕೆ ಕೊಟ್ಟಂತೆ. ನೆರೆಯ ಬುಗಾಂಡಾದಲ್ಲಿ ಇಬ್ಬರು ರಕ್ತಸೋದರರಾಗುವಾಗ ಒಂದೇ ಹಣ್ಣಿನ ಎರಡು ಬೀಜಗಳನ್ನು ಹಂಚಿಕೊಳ್ಳುವ ಪದ್ಧತಿಯಿತ್ತು. ಗಡಿಯ ಎರಡೂ ಬದಿಯವರಿಗೆ ಬೆಳೆ ಒಂದೇ, ಸರೋವರ ಒಂದೇ, ಮಾತು ಬಹುಮಟ್ಟಿಗೆ ಹತ್ತಿರದ್ದು. ಅವರ ನಡುವೆ ಹಗೆ ಇರಲಿಲ್ಲ. ಹಗೆ ಬಂದದ್ದು ರಾಜಧಾನಿಯಿಂದ.

ಅಮೀನ್ ಬಂದದ್ದು ಹೇಗೆ?

1971ರ ಜನವರಿ 25ರಂದು, ಅಧ್ಯಕ್ಷ ಮಿಲ್ಟನ್ ಒಬೋಟೆ ಕಾಮನ್‌ವೆಲ್ತ್ ಸಮ್ಮೇಳನಕ್ಕಾಗಿ ಸಿಂಗಪುರದಲ್ಲಿದ್ದಾಗ, ಸೇನಾ ಮುಖ್ಯಸ್ಥ ಇದಿ ಅಮೀನ್ ಅಧಿಕಾರ ಕಸಿದುಕೊಂಡ. ಮೊದಲು ಕಂಪಾಲಾದಲ್ಲಿ ಸಂಭ್ರಮವೇ ಇತ್ತು, ಏಕೆಂದರೆ ಒಬೋಟೆಯ ಆಡಳಿತದಿಂದಲೂ ಜನ ಬೇಸತ್ತಿದ್ದರು. ಟಾಂಜಾನಿಯಾದ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಒಬೋಟೆಗೆ ಆಶ್ರಯ ಕೊಟ್ಟರು, ಅಮೀನ್‌ನ ಸರ್ಕಾರವನ್ನು ಮಾನ್ಯ ಮಾಡಲಿಲ್ಲ. 1972ರ ಸೆಪ್ಟೆಂಬರಿನಲ್ಲಿ ಒಬೋಟೆಯ ಬೆಂಬಲಿಗರು ಟಾಂಜಾನಿಯಾದಿಂದ ಉಗಾಂಡಾದೊಳಗೆ ನುಗ್ಗಿ ಸೋತರು. ಸೊಮಾಲಿಯಾದ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾಯಿತು. ಆದರೆ ಎರಡು ದೇಶಗಳ ನಡುವಿನ ಹುಣ್ಣು ಮಾಯಲಿಲ್ಲ.

ಅದೇ 1972ರ ಆಗಸ್ಟಿನಲ್ಲಿ ಅಮೀನ್ ಏಷ್ಯಾ ಮೂಲದವರೆಲ್ಲ 90 ದಿನಗಳೊಳಗೆ ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿದ. ಐವತ್ತು ಸಾವಿರಕ್ಕೂ ಹೆಚ್ಚು ಜನ ಮನೆ, ಅಂಗಡಿ, ಕಾರ್ಖಾನೆ ಬಿಟ್ಟು ಅಲ್ಪಸ್ವಲ್ಪ ಹಣದೊಂದಿಗೆ ಹೊರಟರು. ಹೆಚ್ಚಿನವರು ಗುಜರಾತಿ ಮತ್ತು ಪಂಜಾಬಿ ಮೂಲದವರು. ಗೋವಾ ಹಾಗೂ ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳೂ ಅವರಲ್ಲಿದ್ದವು. ಗುಮಾಸ್ತರಾಗಿ, ಶಿಕ್ಷಕರಾಗಿ, ಬ್ಯಾಂಕು ನೌಕರರಾಗಿ, ದರ್ಜಿಗಳಾಗಿ ಪೂರ್ವ ಆಫ್ರಿಕಾದಲ್ಲಿ ಬಾಳು ಕಟ್ಟಿಕೊಂಡವರು ಅವರು. ಕೆಲವರು ಬ್ರಿಟನ್, ಕೆನಡಾ ಸೇರಿದರು. ಕೆಲವರು ಹಡಗು ಹತ್ತಿ ಮುಂಬಯಿಗೆ ಬಂದಿಳಿದರು. ಅವರು ಬಿಟ್ಟುಹೋದ ಹತ್ತಿ ಗಿರಣಿ, ಕಾಫಿ ಸಂಸ್ಕರಣೆಯ ಕಾರ್ಖಾನೆ, ಸಗಟು ಮಳಿಗೆಗಳನ್ನು ಅಮೀನ್ ತನ್ನ ಸೇನಾಧಿಕಾರಿಗಳಿಗೂ ಹಿಂಬಾಲಕರಿಗೂ ಹಂಚಿದ. ನಡೆಸಲು ಬಾರದವರ ಕೈಯಲ್ಲಿ ಅವು ಒಂದೊಂದಾಗಿ ನಿಂತುಹೋದವು.

ಕಾಫಿಯೇ ಖಜಾನೆ

ಹತ್ತಿ ಹೋಯಿತು, ಚಹಾ ಹೋಯಿತು, ತಾಮ್ರದ ಗಣಿ ಹೋಯಿತು. ಉಳಿದದ್ದು ಕಾಫಿ ಮಾತ್ರ. 1970ರ ದಶಕದ ಕೊನೆಯ ಹೊತ್ತಿಗೆ ಉಗಾಂಡಾದ ವಿದೇಶಿ ವಿನಿಮಯದ ಗಳಿಕೆಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ಕಾಫಿಯೊಂದರಿಂದಲೇ ಬರುತ್ತಿತ್ತು.

1975ರ ಜುಲೈಯಲ್ಲಿ ಬ್ರೆಜಿಲ್‌ನ ತೋಟಗಳ ಮೇಲೆ ಭಾರೀ ಹಿಮ ಬಿದ್ದು ಕೋಟ್ಯಂತರ ಗಿಡಗಳು ಕರಗಿಹೋದದ್ದು ನಮ್ಮ ಹಿರಿಯ ಬೆಳೆಗಾರರಿಗೆ ನೆನಪಿರಬಹುದು. ಮುಂದಿನ ಎರಡು ವರ್ಷಗಳಲ್ಲಿ ಕಾಫಿಯ ಬೆಲೆ ಗಗನಕ್ಕೇರಿತು. 1977ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಪೌಂಡಿಗೆ ಮೂರು ಡಾಲರ್ ದಾಟಿತು. ಬೀಳಬೇಕಿದ್ದ ಒಬ್ಬ ಸರ್ವಾಧಿಕಾರಿಯನ್ನು ಬ್ರೆಜಿಲ್‌ನ ಹಿಮ ಇನ್ನಷ್ಟು ಕಾಲ ಎತ್ತಿಹಿಡಿಯಿತು ಎಂದರೆ ತಪ್ಪಾಗದು.

ಉಗಾಂಡಾದ ಬೆಳೆಗಾರ ತನ್ನ ಕಾಫಿಯನ್ನು ಸರ್ಕಾರದ ಕಾಫಿ ಮಾರಾಟ ಮಂಡಳಿಯ ಮೂಲಕವೇ ಮಾರಬೇಕಿತ್ತು. ಈ ವ್ಯವಸ್ಥೆ ನಮಗೂ ಅಪರಿಚಿತವಲ್ಲ. 1942ರ ಕಾಫಿ ಕಾಯ್ದೆಯ ಅಡಿಯಲ್ಲಿ ನಮ್ಮ ಬೆಳೆಗಾರರೂ ದಶಕಗಳ ಕಾಲ ಬೆಳೆಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸಿ, ಕಂತುಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದರು. ಅಸಮಾಧಾನ ಇಲ್ಲಿಯೂ ಇತ್ತು. ಆದರೆ ಇಲ್ಲಿ ಬೆಳೆಗಾರರ ಸಂಘಗಳು ಸಭೆ ಸೇರಿದವು, ಮನವಿ ಕೊಟ್ಟವು, ಪತ್ರಿಕೆಗಳು ಬರೆದವು, ವಿಷಯ ಸಂಸತ್ತಿಗೂ ಹೋಯಿತು. 1990ರ ದಶಕದಲ್ಲಿ ಹಂತಹಂತವಾಗಿ ಪೂಲ್ ಪದ್ಧತಿ ಕೊನೆಗೊಂಡು ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಾಯಿತು. ಒಂದು ಗುಂಡೂ ಹಾರಲಿಲ್ಲ.

ಅಲ್ಲಿ ಹಾಗೆ ಕೇಳುವಂತಿರಲಿಲ್ಲ. ಲೋಕದ ಮಾರುಕಟ್ಟೆಯಲ್ಲಿ ಚಿನ್ನದ ಬೆಲೆಯಿದ್ದಾಗಲೂ ಬೆಳೆಗಾರನಿಗೆ ಸಿಗುತ್ತಿದ್ದದ್ದು ಅದರ ಸಣ್ಣ ಪಾಲು, ಅದೂ ದಿನದಿನಕ್ಕೆ ಬೆಲೆ ಕಳೆದುಕೊಳ್ಳುತ್ತಿದ್ದ ಉಗಾಂಡಾದ ಶಿಲಿಂಗಿನಲ್ಲಿ. ಆದ್ದರಿಂದ ರಾತ್ರೋರಾತ್ರಿ ಕಾಫಿ ಚೀಲಗಳು ಗಡಿ ದಾಟಿ ಕೀನ್ಯಾ ಸೇರುತ್ತಿದ್ದವು. ಕೀನ್ಯಾ ಗಡಿಯ ಚೆಪ್ಕುಬೆ ಎಂಬ ಹಳ್ಳಿಯ ಸಂತೆ ಈ ಕಳ್ಳ ವ್ಯಾಪಾರದಿಂದಲೇ ಹೆಸರುವಾಸಿಯಾಯಿತು. ಕಳ್ಳಸಾಗಣೆಗೆ ಅಮೀನ್ ಮರಣದಂಡನೆಯವರೆಗಿನ ಶಿಕ್ಷೆ ವಿಧಿಸಿದ. ಅದೇ ವೇಳೆ ಸರ್ಕಾರದ ಕಾಫಿ ಹೊತ್ತ ವಿಮಾನಗಳು ಇಂಗ್ಲೆಂಡಿನ ಸ್ಟಾನ್‌ಸ್ಟೆಡ್ ನಿಲ್ದಾಣಕ್ಕೆ ಹೋಗಿ, ಬರುವಾಗ ಸೇನಾಧಿಕಾರಿಗಳಿಗಾಗಿ ವಿಸ್ಕಿ ಮತ್ತು ಭೋಗದ ಸಾಮಾನು ತರುತ್ತಿದ್ದವು. ಜನ ಅದಕ್ಕೆ ವಿಸ್ಕಿ ಓಟ ಎಂದೇ ಹೆಸರಿಟ್ಟರು. ಬೆಳೆಗಾರನ ಮನೆಯಲ್ಲಿ ಮಾತ್ರ ಉಪ್ಪು, ಸಾಬೂನು, ಸಕ್ಕರೆಗೂ ಬರ.

ಉಗಾಂಡಾದ ಕಾಫಿಯ ಸುಮಾರು ಮೂರನೇ ಒಂದು ಭಾಗವನ್ನು ಕೊಳ್ಳುತ್ತಿದ್ದದ್ದು ಅಮೆರಿಕದ ಕಂಪೆನಿಗಳು. 1978ರ ಅಕ್ಟೋಬರಿನಲ್ಲಿ ಅಮೆರಿಕ ಉಗಾಂಡಾದೊಂದಿಗಿನ ವ್ಯಾಪಾರವನ್ನು ಕಾನೂನಿನ ಮೂಲಕ ನಿಷೇಧಿಸಿತು. ಅಷ್ಟರಲ್ಲಿ ಕಾಫಿಯ ಬೆಲೆಯೂ ಇಳಿದಿತ್ತು. ಹಣದಿಂದ ನಿಷ್ಠೆ ಕೊಳ್ಳುತ್ತಿದ್ದ ಅರಸನ ಕೈ ಬರಿದಾಗತೊಡಗಿತು.

ಧರ್ಮಸಭೆ ತೆತ್ತ ಬೆಲೆ

ಅಮೀನ್‌ನ ಎಂಟು ವರ್ಷಗಳಲ್ಲಿ ಸತ್ತವರ ಸಂಖ್ಯೆ 80 ಸಾವಿರದಿಂದ 3 ಲಕ್ಷದವರೆಗೆ ಎಂದು ಅಂದಾಜು ಮಾಡಲಾಗಿದೆ. ಅವರಲ್ಲಿ ಮೂವರನ್ನು ಇಲ್ಲಿ ಸ್ಮರಿಸೋಣ.

ಬೆನೆಡಿಕ್ಟೊ ಕಿವಾನುಕ ದೇಶದ ಮುಖ್ಯ ನ್ಯಾಯಾಧೀಶರು, ಶ್ರದ್ಧಾವಂತ ಕಥೋಲಿಕರು. 1972ರ ಸೆಪ್ಟೆಂಬರಿನಲ್ಲಿ ಸೈನಿಕರು ಅವರನ್ನು ಹೈಕೋರ್ಟಿನಿಂದಲೇ ಎಳೆದೊಯ್ದರು. ಮತ್ತೆ ಅವರು ಬರಲಿಲ್ಲ.

ವಂ. ಫಾ. ಕ್ಲೆಮೆಂಟ್ ಕಿಗ್ಗುಂಡು ಅವರು ಲುಗಾಂಡಾ ಭಾಷೆಯ ಕಥೋಲಿಕ ಪತ್ರಿಕೆ ‘ಮುನ್ನೋ’ದ ಸಂಪಾದಕರು. ಆ ಹೆಸರಿಗೆ ‘ನಿನ್ನ ಗೆಳೆಯ’ ಎಂದರ್ಥ. 1973ರ ಜನವರಿಯಲ್ಲಿ ಸುಟ್ಟು ಕರಕಲಾದ ಕಾರಿನಲ್ಲಿ ಅವರ ಶವ ಸಿಕ್ಕಿತು. ಧರ್ಮಸಭೆಯ ಪತ್ರಿಕೆ ನಡೆಸುವ ಯಾವ ಗುರುವೂ ಈ ಹೆಸರನ್ನು ಮರೆಯುವಂತಿಲ್ಲ.

ಆಂಗ್ಲಿಕನ್ ಸಭೆಯ ಮಹಾಧರ್ಮಾಧ್ಯಕ್ಷ ಜನಾನಿ ಲುವುಮ್ ಅವರು ಸೈನ್ಯದ ಹತ್ಯೆಗಳನ್ನು ಪ್ರತಿಭಟಿಸಿ ತಮ್ಮ ಧರ್ಮಾಧ್ಯಕ್ಷರೊಂದಿಗೆ ಅಮೀನ್‌ಗೆ ಪತ್ರ ಬರೆದರು. 1977ರ ಫೆಬ್ರವರಿ 16ರಂದು ಅವರನ್ನು ಬಂಧಿಸಲಾಯಿತು. ಕಾರು ಅಪಘಾತದಲ್ಲಿ ಸತ್ತರೆಂದು ಸರ್ಕಾರ ಹೇಳಿತು. ದೇಹದಲ್ಲಿ ಗುಂಡಿನ ಗುರುತುಗಳಿದ್ದವು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಮುಂಭಾಗದಲ್ಲಿರುವ ಇಪ್ಪತ್ತನೇ ಶತಮಾನದ ಹತ್ತು ರಕ್ತಸಾಕ್ಷಿಗಳ ಪ್ರತಿಮೆಗಳಲ್ಲಿ ಅವರದೂ ಒಂದು.

ನ್ಯಾಯಾಲಯ, ಪತ್ರಿಕೆ, ಧರ್ಮಪೀಠ. ದೊರೆಗೆ ಬುದ್ಧಿ ಹೇಳಬಲ್ಲ ಮೂರು ಬಾಯಿಗಳನ್ನೂ ಹೀಗೆ ಮುಚ್ಚಿಸಲಾಯಿತು. ಇನ್ನು ಉಳಿದದ್ದು ಬಂದೂಕಿನ ಭಾಷೆ ಮಾತ್ರ.

1978ರ ನವೆಂಬರ್: ಅಲ್ಲಿ ಮತ್ತು ಇಲ್ಲಿ

1978ರಲ್ಲಿ ಅಮೀನ್‌ನ ಸೈನ್ಯದೊಳಗೇ ಬಿರುಕು ಬಿಟ್ಟಿತು. ಉಪಾಧ್ಯಕ್ಷ ಮುಸ್ತಫಾ ಅದ್ರಿಸಿ ಏಪ್ರಿಲ್‌ನಲ್ಲಿ ಕಾರು ಅಪಘಾತದಲ್ಲಿ ಗಾಯಗೊಂಡಾಗ ಅದು ಬೇಕೆಂದೇ ಮಾಡಿಸಿದ್ದು ಎಂದು ಅವರ ಬೆಂಬಲಿಗರು ಶಂಕಿಸಿದರು. ದಂಗೆಗಳಾದವು. ಅಕ್ಟೋಬರಿನಲ್ಲಿ ಗಡಿಯ ಬಳಿ ಗುಂಡಿನ ಚಕಮಕಿ ಆರಂಭವಾಯಿತು. ತಿಂಗಳ ಕೊನೆಗೆ ಉಗಾಂಡಾದ ಸೈನ್ಯ ಕಾಗೆರಾ ಪ್ರದೇಶಕ್ಕೆ ನುಗ್ಗಿತು. ನವೆಂಬರ್ 1ರಂದು ಆ ನೆಲ ತನ್ನದೆಂದು ಅಮೀನ್ ಘೋಷಿಸಿದ. ಎರಡು ದಿನಗಳ ನಂತರ ಅವನ ಕಡೆಯವರು ನದಿಯ ಮೇಲಿನ ಕ್ಯಾಕಾ ಸೇತುವೆಯನ್ನು ಸಿಡಿಸಿದರು. ಸುಮಾರು 1,500 ನಾಗರಿಕರು ಹತರಾದರು, ಹತ್ತಾರು ಸಾವಿರ ಜನ ಮನೆ ಬಿಟ್ಟು ಓಡಿದರು. ಸಾವಿರಾರು ದನಗಳನ್ನು ಹೊಡೆದುಕೊಂಡು ಹೋದರು, ಸಕ್ಕರೆ ಕಾರ್ಖಾನೆಯನ್ನು ಕೊಳ್ಳೆ ಹೊಡೆದರು. ಅರಸ ಅಹಾಬನೂ ನಾಬೋತನ ದ್ರಾಕ್ಷಿತೋಟವೂ ನಮಗೆ ಬೈಬಲಿನಿಂದ ಗೊತ್ತು. ಕಾಗೆರಾದಲ್ಲಿ ಸಾವಿರಾರು ನಾಬೋತರಿದ್ದರು.

ಅದೇ ನವೆಂಬರ್ ಮೊದಲ ವಾರದಲ್ಲಿ ಚಿಕ್ಕಮಗಳೂರಿನಲ್ಲಿ ಲೋಕಸಭಾ ಉಪಚುನಾವಣೆ. ತುರ್ತು ಪರಿಸ್ಥಿತಿ ಹೇರಿದ್ದ ಇಂದಿರಾ ಗಾಂಧಿಯವರನ್ನು 1977ರ ಮಾರ್ಚ್‌ನಲ್ಲಿ ದೇಶದ ಮತದಾರರು ಸೋಲಿಸಿದ್ದರು. ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು ತಮ್ಮ ಸ್ಥಾನ ತೆರವು ಮಾಡಿಕೊಟ್ಟಾಗ ಅವರು ಇಲ್ಲಿಂದ ಸ್ಪರ್ಧಿಸಿದರು. ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲರು. ಇಂದಿರಾ ಗಾಂಧಿಯವರು ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು.

ಆ ಫಲಿತಾಂಶ ಸರಿಯೋ ತಪ್ಪೋ ಎಂಬ ಚರ್ಚೆ ನಮ್ಮ ಹಿರಿಯರ ನಡುವೆ ಇನ್ನೂ ಮುಗಿದಿಲ್ಲ, ಅದು ಇಲ್ಲಿನ ವಿಷಯವೂ ಅಲ್ಲ. ಗಮನಿಸಬೇಕಾದದ್ದು ಇಷ್ಟು. ಅಧಿಕಾರದಲ್ಲಿದ್ದವರನ್ನು ಇಳಿಸಿದ್ದೂ, ಇಳಿದವರನ್ನು ಮತ್ತೆ ಏರಿಸಿದ್ದೂ ಲೈನ್ ಮನೆಯ ಕೂಲಿಕಾರನಿಂದ ಹಿಡಿದು ಎಸ್ಟೇಟ್ ಮಾಲೀಕನವರೆಗೆ ಎಲ್ಲರ ಕೈಯಲ್ಲಿದ್ದ ಒಂದೇ ಬೆಲೆಯ ಚೀಟಿ. ಒಂದೇ ವಾರ, ಎರಡು ಕಾಫಿ ನಾಡು. ಒಂದೆಡೆ ಸಾಲು ನಿಂತ ಮತದಾರರು, ಇನ್ನೊಂದೆಡೆ ಸಾಲುಸಾಲಾಗಿ ಓಡುತ್ತಿದ್ದ ನಿರಾಶ್ರಿತರು.

ಕಂಪಾಲಾದ ದಾರಿ

ನವೆಂಬರ್ 2ರಂದು ನ್ಯೆರೆರೆ ತಮ್ಮ ಜನರನ್ನು ಉದ್ದೇಶಿಸಿ ಮಾತನಾಡಿದರು. ಅಮೀನ್‌ನನ್ನು ಹೊಡೆಯಲು ನಮಗೆ ಕಾರಣವಿದೆ, ಶಕ್ತಿಯಿದೆ, ಮನಸ್ಸೂ ಇದೆ ಎಂಬುದು ಅವರ ಮಾತಿನ ಸಾರ. ರೈತರು, ಕಾರ್ಮಿಕರು ಸೇರಿದ ಸೈನ್ಯ ಕೆಲವೇ ತಿಂಗಳಲ್ಲಿ ಲಕ್ಷ ದಾಟಿತು. ಆಫ್ರಿಕಾ ಏಕತಾ ಸಂಘಟನೆ ದಾಳಿಯನ್ನು ಖಂಡಿಸಲಿಲ್ಲ, ಎರಡೂ ಕಡೆಯವರಿಗೆ ಸಂಯಮದ ಬುದ್ಧಿ ಹೇಳಿತು. ಹೊಡೆದವನಿಗೂ ಹೊಡೆಸಿಕೊಂಡವನಿಗೂ ಒಂದೇ ಉಪದೇಶವೇ ಎಂದು ನ್ಯೆರೆರೆ ನೊಂದುಕೊಂಡರು.

1979ರ ಜನವರಿಯಲ್ಲಿ ಟಾಂಜಾನಿಯಾದ ಸೈನ್ಯ ಗಡಿ ದಾಟಿತು, ಫೆಬ್ರವರಿ ಕೊನೆಗೆ ಮಸಾಕಾ ಮತ್ತು ಎಂಬರಾರಾ ಪಟ್ಟಣಗಳನ್ನು ಹಿಡಿಯಿತು. ಅಮೀನ್‌ನ ನೆರವಿಗೆ ಲಿಬಿಯಾದ ಗಡಾಫಿ ಸೈನಿಕರನ್ನು ಕಳುಹಿಸಿದರು. ಮಾರ್ಚ್ 10 ಮತ್ತು 11ರಂದು ಜೌಗು ಪ್ರದೇಶದ ಲುಕಾಯಾದಲ್ಲಿ ನಡೆದ ಕಾಳಗದಲ್ಲಿ ಅವರೂ ಸೋತರು. ಅಲ್ಲಿಂದ ಕಂಪಾಲಾಕ್ಕೆ ದಾರಿ ತೆರೆಯಿತು. ಉಗಾಂಡಾದ ದೇಶಭ್ರಷ್ಟ ನಾಯಕರು ಟಾಂಜಾನಿಯಾದ ಮೋಶಿಯಲ್ಲಿ ಸಭೆ ಸೇರಿ, ಪ್ರಾಧ್ಯಾಪಕ ಯೂಸುಫ್ ಲೂಲೆ ಅವರನ್ನು ಮುಖಂಡರನ್ನಾಗಿ ಆರಿಸಿಕೊಂಡರು.

ಅದು ಪವಿತ್ರ ವಾರ. ಗರಿಗಳ ಭಾನುವಾರದ ಹಿಂದಿನ ದಿನ ಎಂಟೆಬೆ ವಿಮಾನ ನಿಲ್ದಾಣ ಬಿತ್ತು. ಏಪ್ರಿಲ್ 11ರ ಬುಧವಾರದ ಹೊತ್ತಿಗೆ ಕಂಪಾಲಾ ವಶವಾಯಿತು. ಶುಭ ಶುಕ್ರವಾರದಂದು ಲೂಲೆ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು. ಸ್ವತಂತ್ರ ಆಫ್ರಿಕಾದಲ್ಲಿ ಒಂದು ದೇಶದ ಸೈನ್ಯ ನೆರೆಯ ದೇಶದ ರಾಜಧಾನಿಯನ್ನು ಹಿಡಿದದ್ದು ಅದೇ ಮೊದಲು. ಜನ ಬೀದಿಗಿಳಿದು ಕುಣಿದರು. ಅಮೀನ್ ಲಿಬಿಯಾಕ್ಕೆ ಓಡಿಹೋದ. ಕೊನೆಗೆ ಸೌದಿ ಅರೇಬಿಯಾದಲ್ಲಿ ನೆಲೆಸಿ, ಯಾವ ನ್ಯಾಯಾಲಯದ ಮುಂದೆಯೂ ನಿಲ್ಲದೆ 2003ರ ಆಗಸ್ಟಿನಲ್ಲಿ ಜೆಡ್ಡಾದಲ್ಲಿ ಸತ್ತ.

ಇದು ನ್ಯಾಯಯುದ್ಧವೇ?

ನ್ಯೆರೆರೆ ಕಥೋಲಿಕರು. ಜನ ಅವರನ್ನು ‘ಮ್ವಾಲಿಮು’, ಅಂದರೆ ಮೇಷ್ಟ್ರು, ಎಂದು ಕರೆಯುತ್ತಿದ್ದರು. ಅವರನ್ನು ಸಂತ ಪದವಿಗೇರಿಸುವ ಪ್ರಕ್ರಿಯೆ 2005ರಲ್ಲಿ ಮುಸೋಮಾ ಧರ್ಮಪ್ರಾಂತ್ಯದಿಂದ ಆರಂಭವಾಯಿತು. ಆದ್ದರಿಂದ ಈ ಪ್ರಶ್ನೆ ಕೇವಲ ಇತಿಹಾಸದ್ದಲ್ಲ.

ಧರ್ಮಸಭೆಯ ಬೋಧನೆಯಂತೆ ಶಸ್ತ್ರದಿಂದ ರಕ್ಷಿಸಿಕೊಳ್ಳುವುದು ನ್ಯಾಯವೆನಿಸಬೇಕಾದರೆ ನಾಲ್ಕು ಷರತ್ತುಗಳು ಒಟ್ಟಿಗೆ ಈಡೇರಬೇಕು. ಆಕ್ರಮಣಕಾರನಿಂದ ಆಗಿರುವ ಹಾನಿ ಘೋರವೂ ಖಚಿತವೂ ಆಗಿರಬೇಕು. ಬೇರೆ ಎಲ್ಲ ದಾರಿಗಳು ವಿಫಲವಾಗಿರಬೇಕು. ಯಶಸ್ಸಿನ ನಿಜವಾದ ಭರವಸೆ ಇರಬೇಕು. ಯುದ್ಧದಿಂದ ಆಗುವ ಕೇಡು, ತೊಲಗಿಸಬೇಕಾದ ಕೇಡಿಗಿಂತ ದೊಡ್ಡದಾಗಬಾರದು.

ಮೊದಲ ಮೂರರಲ್ಲಿ ನ್ಯೆರೆರೆಯವರ ಪಕ್ಷ ಗಟ್ಟಿಯಾಗಿದೆ. ಆದರೂ ಪ್ರಶ್ನೆಗಳಿವೆ. ತನ್ನ ನೆಲ ಬಿಡಿಸಿಕೊಂಡ ಮೇಲೆ ಪರರಾಜಧಾನಿಯವರೆಗೆ ಹೋಗಬಹುದೇ? ಅಮೀನ್‌ನ ವಿರೋಧಿಗಳಿಗೆ ವರ್ಷಗಟ್ಟಲೆ ಆಶ್ರಯ ಕೊಟ್ಟದ್ದೂ ಜಗಳಕ್ಕೆ ಉರಿ ಹಚ್ಚಲಿಲ್ಲವೇ? ಸ್ವತಃ ಅವರ ದೇಶದಲ್ಲಿಯೂ ಆಗ ಏಕಪಕ್ಷದ ಆಡಳಿತವಿತ್ತು, ವಿಚಾರಣೆಯಿಲ್ಲದೆ ಬಂಧಿಸುವ ಕಾನೂನಿತ್ತು. ಇನ್ನೊಂದೆಡೆ, ಅಮೀನ್‌ನನ್ನು ಅಲ್ಲಿಯೇ ಬಿಟ್ಟಿದ್ದರೆ ಮತ್ತೆಷ್ಟು ಸಾವಿರ ಜನ ಸಾಯುತ್ತಿದ್ದರೋ. ನ್ಯೆರೆರೆ 1985ರಲ್ಲಿ ತಾವಾಗಿಯೇ ಅಧಿಕಾರ ಬಿಟ್ಟರು ಎಂಬುದನ್ನೂ ಮರೆಯಬಾರದು. ನಾಲ್ಕನೆಯ ಷರತ್ತಿಗೆ ಉತ್ತರ ಹುಡುಕಬೇಕಾದರೆ ಯುದ್ಧ ಮುಗಿದ ನಂತರದ ವರ್ಷಗಳನ್ನು ನೋಡಬೇಕು.

ಸರ್ವಾಧಿಕಾರಿ ಬಿದ್ದ ಮೇಲೆ

ಟಾಂಜಾನಿಯಾ ಕೊಟ್ಟ ಲೆಕ್ಕದಂತೆ ಅದು ಕಳೆದುಕೊಂಡ ಸೈನಿಕರು 373. ಹಣದ ಖರ್ಚು ಸುಮಾರು 50 ಕೋಟಿ ಡಾಲರ್. ಮೊದಲೇ ಬಡವಾಗಿದ್ದ ಆ ದೇಶ ಅದರಿಂದ ಚೇತರಿಸಿಕೊಳ್ಳಲು ಬಹುಕಾಲ ಹಿಡಿಯಿತು. ಕಾಗೆರಾದ ಸೇಡಿಗಾಗಿ ಮಸಾಕಾ ಮತ್ತು ಎಂಬರಾರಾ ಪಟ್ಟಣಗಳ ಬಹುಭಾಗವನ್ನು ನೆಲಸಮ ಮಾಡಿದ್ದು ಬಿಡುಗಡೆಗೆ ಬಂದ ಸೈನ್ಯವೇ. ಅಮೀನ್‌ನ ಊರಿನ ಕಡೆಯವರೆಂಬ, ಅವನ ಧರ್ಮದವರೆಂಬ ಕಾರಣಕ್ಕೆ ನಿರಪರಾಧಿಗಳನ್ನೂ ಕೊಂದರು.

ಲೂಲೆಯವರ ಸರ್ಕಾರ 68 ದಿನ ಮಾತ್ರ ಬಾಳಿತು. ಮುಂದೆ ಬಂದ ಗಾಡ್‌ಫ್ರೇ ಬಿನೈಸಾ 1980ರ ಮೇ ತಿಂಗಳಲ್ಲಿ ಇಳಿಯಬೇಕಾಯಿತು. ಆ ವರ್ಷದ ಡಿಸೆಂಬರಿನ ವಿವಾದಿತ ಚುನಾವಣೆಯಲ್ಲಿ ಒಬೋಟೆ ಮರಳಿ ಬಂದರು. ಚುನಾವಣೆಯ ಮೋಸವನ್ನು ಮುಂದಿಟ್ಟು ಯೊವೆರಿ ಮುಸೆವೇನಿ 1981ರಲ್ಲಿ ಕಾಡು ಸೇರಿದರು. ಲುವೆರೊ ಪ್ರದೇಶದಲ್ಲಿ ನಡೆದ ಆ ಅಂತರ್ಯುದ್ಧದಲ್ಲಿ ಲಕ್ಷಕ್ಕೂ ಹೆಚ್ಚು ಜನ ಸತ್ತರೆಂಬ ಅಂದಾಜಿದೆ. 1981ರ ಜೂನ್ 24ರಂದು, ಸ್ನಾನಿಕ ಯೊವಾನ್ನರ ಹಬ್ಬದ ದಿನ, ಅರುವಾ ಬಳಿಯ ಒಂಬಾಚಿ ಕಥೋಲಿಕ ಮಿಶನ್ನಿನಲ್ಲಿ ಆಶ್ರಯ ಪಡೆದಿದ್ದ ಹತ್ತಾರು ಜನರನ್ನು ಸರ್ಕಾರಿ ಸೈನಿಕರೇ ಕೊಂದರು. ಅಮೀನ್ ಹೋಗಿ ಎರಡು ವರ್ಷವಾಗಿತ್ತು.

ಮುಸೆವೇನಿ 1986ರ ಜನವರಿಯಲ್ಲಿ ಬಂದೂಕಿನ ಮೂಲಕವೇ ಅಧಿಕಾರಕ್ಕೆ ಬಂದರು. ದೇಶದ ಬಹುಭಾಗಕ್ಕೆ ನೆಮ್ಮದಿ ತಂದರು, ಏಷ್ಯಾ ಮೂಲದವರಿಗೆ ಆಸ್ತಿ ಮರಳಿ ಪಡೆಯಲು ದಾರಿ ಮಾಡಿಕೊಟ್ಟರು, ಕಾಫಿ ಮಾರಾಟವನ್ನು ಮುಕ್ತಗೊಳಿಸಿದರು. ಉಗಾಂಡಾ ಮತ್ತೆ ಆಫ್ರಿಕಾದ ಪ್ರಮುಖ ಕಾಫಿ ರಫ್ತುದಾರ ದೇಶಗಳ ಸಾಲಿಗೆ ಬಂತು. ಆದರೆ 2005ರಲ್ಲಿ ಅಧ್ಯಕ್ಷರ ಅವಧಿಯ ಮಿತಿಯನ್ನೂ 2017ರಲ್ಲಿ ವಯಸ್ಸಿನ ಮಿತಿಯನ್ನೂ ಸಂವಿಧಾನದಿಂದ ತೆಗೆಯಲಾಯಿತು. 1962ರಲ್ಲಿ ಸ್ವಾತಂತ್ರ್ಯ ಪಡೆದ ಉಗಾಂಡಾದಲ್ಲಿ ಒಬ್ಬ ಅಧ್ಯಕ್ಷ ಚುನಾವಣೆಯಲ್ಲಿ ಸೋತು, ಗೆದ್ದವನಿಗೆ ಶಾಂತವಾಗಿ ಕುರ್ಚಿ ಬಿಟ್ಟುಕೊಟ್ಟದ್ದು ಒಮ್ಮೆಯೂ ನಡೆದಿಲ್ಲ.

ನಾವು ಕಲಿಯಬೇಕಾದದ್ದು

ಕಾಗೆರಾದ ಯುದ್ಧ ಒಬ್ಬ ಕ್ರೂರಿಯನ್ನು ತೊಲಗಿಸಿತು. ಕ್ರೌರ್ಯವನ್ನು ಬೇರುಸಹಿತ ಕೀಳಲು ಅದರಿಂದ ಆಗಲಿಲ್ಲ. ತೋಟದಲ್ಲಿ ಕಾಂಡಕೊರಕ ಹಿಡಿದ ಗಿಡವನ್ನು ಕಿತ್ತು ಸುಡಲೇಬೇಕು, ನಿಜ. ಆದರೆ ಬರೀ ಗುಂಡಿಯಲ್ಲಿ ಫಸಲು ಬರುವುದಿಲ್ಲ. ಹೊಸ ಗಿಡ ನೆಡಬೇಕು, ನೆರಳು ಕೊಡಬೇಕು, ವರ್ಷಗಟ್ಟಲೆ ಕಾಯಬೇಕು. ದೇಶದ ವಿಷಯದಲ್ಲಿ ಆ ಹೊಸ ಗಿಡ ಎಂದರೆ ಹೆದರದ ನ್ಯಾಯಾಲಯ, ಬಾಯಿ ಕಟ್ಟದ ಪತ್ರಿಕೆ, ಲೆಕ್ಕ ಕೇಳುವ ಸಂಘ, ಸೋತವನು ಮನೆಗೆ ಹೋಗುವ ಚುನಾವಣೆ, ಮತ್ತು ದೊರೆಯ ಮುಂದೆ ಸತ್ಯ ಹೇಳುವ ಧರ್ಮಸಭೆ.

ಇವೆಲ್ಲ ನಮ್ಮ ನಾಡಿನಲ್ಲಿ ತಾವಾಗಿಯೇ ಉಳಿಯುತ್ತವೆ ಎಂದು ನಂಬುವುದು ತಪ್ಪು. ಸಣ್ಣ ಮಟ್ಟದಲ್ಲಿ ಅವುಗಳ ಅಭ್ಯಾಸ ಬೇಕು. ಧರ್ಮಕೇಂದ್ರದ ಪಾಲನಾ ಮಂಡಳಿಯಲ್ಲಿ ಲೆಕ್ಕಪತ್ರ ಓದಿದಾಗ ಪ್ರಶ್ನೆ ಕೇಳುವುದು, ಕೇಳಿದವರನ್ನು ವೈರಿಯೆಂದು ತಿಳಿಯದಿರುವುದು, ಗ್ರಾಮ ಪಂಚಾಯಿತಿಯ ಸಭೆಗೆ ಹೋಗುವುದು, ಕೊಯ್ಲಿನ ದಿನವಾದರೂ ಕಾರ್ಮಿಕರಿಗೆ ಮತ ಹಾಕಲು ರಜೆ ಕೊಡುವುದು, ನೆರೆಯವನೊಡನೆ ಬೇಲಿಯ ತಕರಾರು ಬಂದಾಗ ಕತ್ತಿ ಹಿಡಿಯುವ ಮೊದಲು ಹಿರಿಯರ ಮುಂದೆ ಕೂರುವುದು. ಇವು ಚಿಕ್ಕವೆಂದು ಕಾಣಬಹುದು. ಇವು ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಕಾಗೆರಾದ ಜನ ಸಾಕ್ಷಿ.

ಮುಂದಿನ ಜೂನ್ 3ರಂದು ಉಗಾಂಡಾದ ಸಂತರನ್ನು ನೆನೆಯುವಾಗ ನ್ಯಾಯಮೂರ್ತಿ ಕಿವಾನುಕ, ಫಾ. ಕಿಗ್ಗುಂಡು, ಮಹಾಧರ್ಮಾಧ್ಯಕ್ಷ ಲುವುಮ್ ಅವರಿಗಾಗಿಯೂ, ಗಡಿಯ ಎರಡೂ ಬದಿಯಲ್ಲಿ ಹೆಸರಿಲ್ಲದೆ ಸತ್ತ ಕಾಫಿ ಬೆಳೆಗಾರರು ಮತ್ತು ಸೈನಿಕರಿಗಾಗಿಯೂ ಪ್ರಾರ್ಥಿಸೋಣ.